ಬಿಲ ತೋಡಿದ್ದು ಯಾರು, ಒಳಗಿರುವುದು ಯಾರು?

ಪ್ರಶ್ನೆ: ಮಗಳ ಹೋಂವರ್ಕಿನಲ್ಲಿ ‘ಬಿಲ ತೋಡುವ ಪ್ರಾಣಿಗಳಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ?’ ಎಂದು ಕೇಳಿದ್ದರು. ‘ರೋಡೆಂಟ್’ ಎಂದು ಬರೆಸಿದೆ, ಟೀಚರು ತಪ್ಪು ಹಾಕಿದ್ದಾರೆ. ಹಾಗಾದರೆ ಸರಿಯಾದ ಪದ ಯಾವುದು? ಮೊಲ, ಹಾವು, ಏಡಿ, ಕಪ್ಪೆ ಎಲ್ಲವೂ ಅದರಲ್ಲಿ ಸೇರುತ್ತವೆಯೆ? ಇನ್ನೊಂದು ವಿಷಯ. ಹಾವೇರಿ ಕಡೆಯ ನಮ್ಮ ಹೊಲದ ಬದುಗಳಲ್ಲಿ ಐದಾರು ತರದ ಬಿಲಗಳಿವೆ. ಯಾವುದು ಯಾರದು ಎಂದು ಹೊರಗಿನಿಂದಲೇ ಗುರುತಿಸಲು ಬರುತ್ತದೆಯೆ?

ಉತ್ತರ: ಟೀಚರು ಮಾಡಿದ್ದು ಸರಿ. ರೋಡೆಂಟ್ ಎಂಬುದು ಹಲ್ಲಿನ ಮೇಲೆ ಹುಟ್ಟಿದ ಹೆಸರು, ಬಿಲಕ್ಕೂ ಅದಕ್ಕೂ ಸಂಬಂಧವಿಲ್ಲ. ಲ್ಯಾಟಿನ್ ಭಾಷೆಯಲ್ಲಿ ‘ರೋಡೆರೆ’ ಎಂದರೆ ಕಡಿಯುವುದು, ಮೆಲ್ಲಗೆ ಕೆರೆದು ತಿನ್ನುವುದು. ಮೇಲೆ ಎರಡು, ಕೆಳಗೆ ಎರಡು ಬಾಚಿಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುವ, ಅದಕ್ಕಾಗಿ ಏನನ್ನಾದರೂ ಕಡಿದು ಸವೆಸುತ್ತಲೇ ಇರಬೇಕಾದ ಪ್ರಾಣಿಗಳ ಗುಂಪು ಅದು. ನಮ್ಮ ಪಠ್ಯಗಳಲ್ಲಿ ‘ದಂಶಕ’ ಎಂದು ಬರೆಯುತ್ತಾರೆ. ಇಲಿ, ಹೆಗ್ಗಣ, ಮುಳ್ಳುಹಂದಿ ಈ ಗುಂಪಿನವು, ಅಳಿಲೂ ಇದೇ ಗುಂಪಿನದು. ಆದರೆ ಮಲೆನಾಡಿನ ಕೆಂದಳಿಲು ಮರದ ತುದಿಯಲ್ಲಿ ಗೂಡು ಕಟ್ಟಿ ಬದುಕುವ ಜೀವಿ, ಬಿಲದ ಗೋಜಿಗೇ ಹೋಗುವುದಿಲ್ಲ. ಇದಕ್ಕೆ ತಿರುವುಮುರುವು ಚಿಪ್ಪುಹಂದಿ. ಬಿಲ ತೋಡುವುದರಲ್ಲಿ ಅದು ನಿಸ್ಸೀಮ, ಬಾಯಲ್ಲಿ ಮಾತ್ರ ಒಂದೂ ಹಲ್ಲಿಲ್ಲ. ಹಲ್ಲಿಲ್ಲದ್ದನ್ನು ರೋಡೆಂಟ್ ಎನ್ನುವುದು ಹೇಗೆ?

ಮಗಳ ಪುಸ್ತಕದಲ್ಲಿ ಬರೆಯಬೇಕಾದ ಪದ ‘ಬರೋಯಿಂಗ್ ಅನಿಮಲ್ಸ್’. ಒಂದೇ ಪದ ಬೇಕೆಂದರೆ ‘ಬರೋಯರ್’. ಬಿಲಕ್ಕೆ ‘ಬರೋ’, ತೋಡುವ ಕ್ರಿಯೆಗೂ ಅದೇ. ಸ್ಪೆಲ್ಲಿಂಗ್ ನೋಡಿಕೊಳ್ಳಿ: ಎರಡನೆಯ ಅಕ್ಷರ ಯು ಆದರೆ ಬಿಲ, ಓ ಆದರೆ ಸಾಲ. ಮಕ್ಕಳು ಇಲ್ಲಿ ಎಡವುವುದು ಸಾಮಾನ್ಯ.

ಜೀವಶಾಸ್ತ್ರದವರು ಬಳಸುವುದು ಇನ್ನೊಂದು ಪದ, ‘ಫಾಸೋರಿಯಲ್’. ಲ್ಯಾಟಿನ್‌ನ ‘ಫೋಡೆರೆ’, ಅಂದರೆ ಅಗೆಯುವುದು, ಇದರಿಂದ ಬಂದ ‘ಫೋಸರ್’ ಎಂದರೆ ಅಗೆಯುವವ. ನೆಲದಿಂದ ಅಗೆದು ತೆಗೆದ ‘ಫಾಸಿಲ್’ ಕೂಡ ಇದೇ ಬೇರಿನದು. ಫಾಸೋರಿಯಲ್ ನಾಮಪದವಲ್ಲ, ವಿಶೇಷಣ. ‘ಫಾಸೋರಿಯಲ್ ಅನಿಮಲ್’, ‘ಫಾಸೋರಿಯಲ್ ಲೆಗ್’ ಎಂದೇ ಹೇಳಬೇಕು. ಅರ್ಥವೂ ಸ್ವಲ್ಪ ಬಿಗಿ: ಮೈಕಟ್ಟೇ ಅಗೆತಕ್ಕೆ ಒಗ್ಗಿಕೊಂಡಿರಬೇಕು, ಬದುಕಿನ ಬಹುಭಾಗ ನೆಲದೊಳಗೇ ಕಳೆಯಬೇಕು. ಹಗಲು ಬಿಲದಲ್ಲಿದ್ದು ರಾತ್ರಿ ಮೇಲೆ ಮೇಯುವ ಹೆಗ್ಗಣದಂಥವನ್ನು ‘ಸೆಮಿ ಫಾಸೋರಿಯಲ್’ ಎನ್ನುತ್ತಾರೆ, ಅರ್ಧ ನೆಲದೊಳಗಿನವು ಎಂದಂತೆ. ಆರನೆಯ ಕ್ಲಾಸಿನ ಮಗುವಿಗೆ ಇಷ್ಟು ಬೇಕಿಲ್ಲ, ನಿಮಗೆ ತಿಳಿದಿರಲಿ.

ಇನ್ನು ಮೊಲ, ಹಾವು ಸೇರುತ್ತವೆಯೆ ಎಂದು ಕೇಳಿದ್ದೀರಿ. ಗೊಂದಲವೆಲ್ಲ ಇರುವುದು ಅಲ್ಲೇ. ಬಿಲ ತೋಡುವವರು ಬೇರೆ, ಬಿಲದಲ್ಲಿ ಇರುವವರು ಬೇರೆ. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತು ಎನ್ನುವ ಗಾದೆ ಹೇಳುವುದೂ ಅದನ್ನೇ. ಬರೋಯರ್ ಎಂದರೆ ತೋಡುವವ. ಆಯುರ್ವೇದದ ಸುಶ್ರುತ ಸಂಹಿತೆ ಪ್ರಾಣಿಗಳನ್ನು ವಿಂಗಡಿಸುವಾಗ ‘ಬಿಲೇಶಯ’ ಎಂಬ ಗುಂಪು ಮಾಡುತ್ತದೆ, ಬಿಲದಲ್ಲಿ ಮಲಗುವವು ಎಂದು. ಅಲ್ಲಿ ಯಾರು ತೋಡಿದರು ಎಂಬ ಪ್ರಶ್ನೆಯೇ ಇಲ್ಲ. ನಾವು ಕನ್ನಡದಲ್ಲಿ ಬಳಸುವ ‘ಬಿಲವಾಸಿ’ಯೂ ಹಾಗೆಯೇ. ಹೀಗಾಗಿ ಬಿಲವಾಸಿ ಎಂಬುದನ್ನು ಬರೋಯರ್‌ಗೆ ಸಮಾನಪದವಾಗಿ ಕೊಡುವುದು ನನಗೆ ಒಪ್ಪಿಗೆಯಿಲ್ಲ. ‘ಬಿಲ ತೋಡುವ ಪ್ರಾಣಿ’ ಎಂದು ಉದ್ದಕ್ಕೆ ಹೇಳಿದರೆ ನಷ್ಟವೇನೂ ಇಲ್ಲ. ‘ಬಿಲಕೊರಕ’ ಎಂದು ಬರೆದದ್ದೂ ಕಂಡಿದೆ, ಅದು ಕಿವಿಗೆ ಒಗ್ಗುವುದಿಲ್ಲ. ಕೋಳಿ ಕೆದರುತ್ತದೆ, ನಾಯಿ ಬಗೆಯುತ್ತದೆ, ಹುಳ ಕೊರೆಯುತ್ತದೆ, ಹೆಗ್ಗಣ ತೋಡುತ್ತದೆ. ಕೊರೆಯುವುದೆಂದರೆ ಗಟ್ಟಿ ವಸ್ತುವಿನೊಳಗೆ ದಾರಿ ಮಾಡಿಕೊಳ್ಳುವುದು, ಕಾಂಡಕೊರಕ ಹುಳದ ಹಾಗೆ.

ಮೊಲದ ವಿಷಯದಲ್ಲಿ ಪಠ್ಯಪುಸ್ತಕದ ಅನುವಾದವೇ ದಾರಿ ತಪ್ಪಿಸುತ್ತದೆ. ಇಂಗ್ಲಿಷಿನ ರ‍್ಯಾಬಿಟ್, ಹೇರ್ ಎರಡಕ್ಕೂ ನಾವು ಮೊಲ ಎಂದುಬಿಟ್ಟಿದ್ದೇವೆ. ರ‍್ಯಾಬಿಟ್ ಮೂಲತಃ ಯುರೋಪಿನದು, ಮನೆಯಲ್ಲಿ ಸಾಕುವ ಬಿಳಿ ಮೊಲ ಅದರ ವಂಶ. ಅದು ಗುಂಪಾಗಿ ಬಿಲಗಳ ಜಾಲವನ್ನೇ ತೋಡುತ್ತದೆ. ಆ ಜಾಲಕ್ಕೆ ಇಂಗ್ಲಿಷಿನಲ್ಲಿ ‘ವಾರನ್’ ಎಂದು ಹೆಸರು. ನಿಮ್ಮ ಹೊಲದಲ್ಲಿ ಲೈಟು ಬಿಟ್ಟಾಗ ಕಣ್ಣು ಹೊಳೆಸಿ ಓಡುವ ಕಾಡುಮೊಲ ಹೇರ್. ಅದು ಬಿಲ ತೋಡುವುದಿಲ್ಲ, ಹುಲ್ಲಿನ ಬುಡದಲ್ಲಿ ಮೈ ಹುದುಗುವಷ್ಟು ತಗ್ಗು ಮಾಡಿಕೊಂಡು ಕೂರುತ್ತದೆ. ಆ ತಗ್ಗಿಗೆ ಇಂಗ್ಲಿಷಿನಲ್ಲಿ ‘ಫಾರ್ಮ್’ ಎನ್ನುತ್ತಾರೆ. ಮರಿಗಳನ್ನು ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಬಿಲದೊಳಗೆ ಬೆಚ್ಚಗೆ ಹುಟ್ಟುವ ರ‍್ಯಾಬಿಟ್ ಮರಿಗೆ ಕೂದಲಿಲ್ಲ, ಕಣ್ಣು ಮುಚ್ಚಿರುತ್ತದೆ. ಬಯಲಲ್ಲಿ ಹುಟ್ಟುವ ಕಾಡುಮೊಲದ ಮರಿ ಹುಟ್ಟುವಾಗಲೇ ಮೈತುಂಬ ಕೂದಲು ಹೊತ್ತು, ಕಣ್ಣು ಬಿಟ್ಟುಕೊಂಡೇ ಬರುತ್ತದೆ.

ಹಾವಿನ ಕಥೆ ಎರಡು ಬಗೆ. ನಾಗರ, ಕೇರೆ, ಕಟ್ಟುಹಾವು ಬಿಲ ತೋಡುವುದಿಲ್ಲ, ತೋಡಲು ಅವಕ್ಕೆ ಸಲಕರಣೆಯೇ ಇಲ್ಲ. ಇಲಿಯನ್ನು ಹುಡುಕಿಕೊಂಡು ಇಲಿಯ ಬಿಲಕ್ಕೆ ನುಗ್ಗುತ್ತವೆ, ಇಲಿ ತಿಂದು ಅಲ್ಲೇ ಉಳಿಯುತ್ತವೆ. ಆದರೆ ನಿಜವಾಗಿ ಅಗೆಯುವ ಹಾವುಗಳೂ ಇವೆ. ಪಶ್ಚಿಮ ಘಟ್ಟದ ಗುರಾಣಿಬಾಲದ ಹಾವುಗಳು ದಕ್ಷಿಣ ಭಾರತ ಮತ್ತು ಶ್ರೀಲಂಕಾ ಬಿಟ್ಟರೆ ಬೇರೆಲ್ಲೂ ಇಲ್ಲ. ಮೊನಚು ತಲೆಯಿಂದ ಒದ್ದೆ ಮಣ್ಣನ್ನು ತಳ್ಳಿಕೊಂಡು ಹೋಗುತ್ತವೆ. ಕತ್ತರಿಸಿದಂತಿರುವ ಒರಟು ಬಾಲದ ತುದಿಗೆ ಮಣ್ಣು ಮೆತ್ತಿಕೊಂಡು, ಹಿಂದಿನ ದಾರಿಗೆ ಬಿರಡೆ ಹಾಕಿದಂತಾಗುತ್ತದೆ. ಬಯಲುಸೀಮೆಯ ಮಣ್ಣುಮುಕ್ಕ ಹಾವೂ ಸಡಿಲ ಮಣ್ಣಿನಲ್ಲಿ ಹೂತುಕೊಳ್ಳುತ್ತದೆ. ಎರಡು ತಲೆ ಹಾವು ಎಂದು ಜನ ಮೋಸ ಹೋಗುವುದು ಅದರ ಮೊಂಡುಬಾಲ ನೋಡಿಯೇ.

ಅಗೆಯುವುದಕ್ಕೆ ಒಂದೊಂದು ಪ್ರಾಣಿಗೂ ಒಂದೊಂದು ಆಯುಧ. ಚಿಪ್ಪುಹಂದಿಗೆ ಮುಂಗಾಲಿನ ಉದ್ದ ಬಾಗಿದ ಉಗುರು. ಮೋಲ್ ಕ್ರಿಕೆಟ್ ಎಂಬ ಮಿಡತೆಯ ನೆಂಟನಿಗೆ ಹಲ್ಲುಹಲ್ಲಾದ ಸಲಿಕೆಯಂಥ ಮುಂಗಾಲು, ಕೀಟಶಾಸ್ತ್ರದ ಪುಸ್ತಕಗಳಲ್ಲಿ ಫಾಸೋರಿಯಲ್ ಲೆಗ್ ಎಂದು ಚಿತ್ರ ಬರೆದು ತೋರಿಸುವುದು ಇದನ್ನೇ. ಹೆಗ್ಗಣ ಬಾಚಿಹಲ್ಲಿನಿಂದ ಗಟ್ಟಿ ಮಣ್ಣನ್ನು ಕಿತ್ತು, ಮುಂಗಾಲಿನಿಂದ ಹೊಟ್ಟೆಯ ಕೆಳಗೆ ಎಳೆದು, ಹಿಂಗಾಲಿನಿಂದ ಹಿಂದಕ್ಕೆ ಒದೆಯುತ್ತದೆ. ಸಾಕಷ್ಟು ಮಣ್ಣು ಸೇರಿದ ಮೇಲೆ ತಿರುಗಿ ನಿಂತು ತಲೆ ಎದೆಗಳಿಂದ ಬಿಲದ ಬಾಯಿಯವರೆಗೆ ನೂಕಿಕೊಂಡು ಬರುತ್ತದೆ. ಬೆಳಿಗ್ಗೆ ಬದುವಿನ ಮೇಲೆ ಕಾಣುವ ಗುಡ್ಡೆ ಹಾಗೆ ನೂಕಿದ ಮಣ್ಣು.

ಕಪ್ಪೆ ಮಾತ್ರ ಎಲ್ಲರಿಗಿಂತ ಬೇರೆ. ಅದು ಹಿಂದುಹಿಂದಾಗಿ ಇಳಿಯುತ್ತದೆ. ಬಿಲಗಪ್ಪೆಯ ಹಿಂಗಾಲಿನ ಅಂಗಾಲಲ್ಲಿ ಸಲಿಕೆಯಂತೆ ಎದ್ದ ಗಟ್ಟಿ ಗಂಟು ಇರುತ್ತದೆ. ಕಪ್ಪೆ ಕೂತಲ್ಲೇ ಒಂದು ಕಾಲು, ಆಮೇಲೆ ಇನ್ನೊಂದು ಕಾಲಿನಿಂದ ಮಣ್ಣನ್ನು ಪಕ್ಕಕ್ಕೆ ಸರಿಸುತ್ತಾ ಹಿಂಭಾಗದಿಂದ ಕುಸಿಯುತ್ತದೆ. ಕೊನೆಗೆ ಕಣ್ಣು ಮೂಗು ಮಾತ್ರ ಉಳಿದು, ಅವೂ ಮುಚ್ಚಿಹೋಗುತ್ತವೆ. ಮೇಲೆ ಮಣ್ಣು ಕೂಡಿಕೊಳ್ಳುವುದರಿಂದ ತೂತೇ ಉಳಿಯುವುದಿಲ್ಲ. ಬದುವಿನಲ್ಲಿ ಕಪ್ಪೆಯ ಬಿಲ ಹುಡುಕಿದರೆ ಸಿಗದೇ ಇರುವುದು ಇದರಿಂದ. ಬೆಂಗಳೂರಿನ ಹೊರವಲಯದಲ್ಲಿ ಸಿಕ್ಕ ಒಂದು ಬಿಲಗಪ್ಪೆಗೆ 2020ರಲ್ಲಿ ಊರಿನ ಹೆಸರನ್ನೇ ಸೇರಿಸಿ ಸ್ಫಿರೋಥಿಕಾ ಬೆಂಗಳೂರು ಎಂದು ಹೆಸರಿಟ್ಟರು. ಕೇರಳದ ಇಡುಕ್ಕಿಯಲ್ಲಿ ಸಿಕ್ಕು 2003ರಲ್ಲಿ ಎಸ್.ಡಿ. ಬಿಜು ಮತ್ತು ಫ್ರಾಂಕಿ ಬೋಸೈಟ್ ವಿವರಿಸಿದ ನೇರಳೆ ಕಪ್ಪೆಯಂತೂ ವರ್ಷವಿಡೀ ನೆಲದೊಳಗಿದ್ದು, ಮುಂಗಾರಿನ ಮೊದಲ ಮಳೆಗಳಲ್ಲಿ ಸಂತಾನಕ್ಕಾಗಿ ಕೆಲವು ದಿನ ಮೇಲೆ ಬರುತ್ತದೆ. ಫಾಸೋರಿಯಲ್ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಕಡೆ ಸಿಗಲಾರದು.

ಮೋಲ್ ಎಂಬ ಪ್ರಾಣಿಯ ಬಗ್ಗೆಯೂ ಹೇಳಬೇಕು, ಏಕೆಂದರೆ ಇಂಗ್ಲಿಷ್ ಪುಸ್ತಕದಲ್ಲಿ ಬಿಲ ತೋಡುವ ಪ್ರಾಣಿ ಎಂದೊಡನೆ ಅದರ ಚಿತ್ರ ಬರುತ್ತದೆ. ದಕ್ಷಿಣ ಭಾರತದಲ್ಲಿ ಮೋಲ್ ಇಲ್ಲವೇ ಇಲ್ಲ, ದೇಶದಲ್ಲಿ ಇರುವುದು ಹಿಮಾಲಯದ ಪೂರ್ವ ಭಾಗ ಮತ್ತು ಈಶಾನ್ಯದ ಕಡೆ. ಕಾಣದ ಪ್ರಾಣಿಗೆ ಕನ್ನಡದಲ್ಲಿ ಹೆಸರು ಹುಟ್ಟಲಿಲ್ಲ, ನಿಘಂಟುಗಳು ಹೆಗ್ಗಣ, ಸುಂಡಿಲಿ ಎಂದು ಏನೋ ಒಂದು ಹೊಂದಿಸುತ್ತವೆ. ಮೋಲ್ ಹೆಗ್ಗಣವಲ್ಲ, ರೋಡೆಂಟೂ ಅಲ್ಲ. ಎರೆಹುಳ ತಿಂದು ಬದುಕುವ, ಅಂಗೈ ಹೊರಕ್ಕೆ ತಿರುಗಿದ, ದೋಣಿಯ ಹುಟ್ಟಿನಂಥ ಮುಂಗಾಲಿನ ಜೀವಿ. ಗೊಂದಲ ಹೆಚ್ಚಿಸಲೆಂದೇ ಎಂಬಂತೆ ನಮ್ಮ ಗದ್ದೆಯ ಹೆಗ್ಗಣವನ್ನು ಹಳೆಯ ಇಂಗ್ಲಿಷ್ ಪುಸ್ತಕಗಳು ‘ಇಂಡಿಯನ್ ಮೋಲ್ ರ‍್ಯಾಟ್’ ಎಂದವು. ಈಗಿನ ಹೆಸರು ‘ಬ್ಯಾಂಡಿಕೂಟ್’, ಅದು ಬಂದದ್ದು ತೆಲುಗಿನ ಪಂದಿಕೊಕ್ಕುವಿನಿಂದ. ಪಂದಿ ಎಂದರೆ ನಮ್ಮ ಹಂದಿಯೇ. ಆ ಹೆಸರು ಹಡಗು ಹತ್ತಿ ಆಸ್ಟ್ರೇಲಿಯಾಕ್ಕೂ ಹೋಗಿ, ಅಲ್ಲಿನ ಹೊಟ್ಟೆಚೀಲದ ಬೇರೊಂದು ಪ್ರಾಣಿಗೆ ಅಂಟಿಕೊಂಡಿದೆ.

ಈಗ ನಿಮ್ಮ ಬದುವಿಗೆ ಬರೋಣ. ಬಾಯಿ ಎಷ್ಟು ಅಗಲ, ಯಾವ ಆಕಾರ, ಹೊರಗೆ ಏನು ಬಿದ್ದಿದೆ, ನೀರು ಎಷ್ಟು ಹತ್ತಿರ, ಇವಿಷ್ಟನ್ನು ನೋಡಿ. ಬೆಳಗಿನ ಓರೆ ಬಿಸಿಲಿನಲ್ಲಿ ನೋಡಿದರೆ ಹೆಜ್ಜೆ, ಉಗುರಿನ ಗೀರು ಚೆನ್ನಾಗಿ ಕಾಣುತ್ತವೆ.

ಸಡಿಲ ಮಣ್ಣಿನ ದೊಡ್ಡ ಗುಡ್ಡೆ, ಅದರ ಅಡಿಯಲ್ಲಿ ಮುಷ್ಟಿ ತೂರುವಷ್ಟು ಬಾಯಿ, ಬಾಯಿಗೆ ಮಣ್ಣಿನ ಮುಚ್ಚಳ: ಇದು ಹೆಗ್ಗಣ. ಒಳಗಿರುವಾಗ ಬಾಯಿ ಮುಚ್ಚಿಕೊಳ್ಳುವುದು ಅದರ ಪದ್ಧತಿ. ಮುಚ್ಚಿದೆ ಎಂದು ಹಳೆಯ ಬಿಲ ಅಂದುಕೊಂಡು ಬಿಟ್ಟರೆ ಕೆಟ್ಟಿರಿ. ಒಂದು ಬಿಲದಲ್ಲಿ ಸಾಮಾನ್ಯವಾಗಿ ಒಂದೇ ಹೆಗ್ಗಣ, ಮರಿ ಹಾಕಿದ ಹೆಣ್ಣಾದರೆ ಮರಿಗಳ ಜೊತೆ. ಒಳಗೆ ಹುಲ್ಲು ಹಾಸಿದ ಮಲಗುವ ಕೋಣೆ, ತೆನೆ ಕಾಳು ಕೂಡಿಡುವ ಕಣಜಗಳು, ಅಪಾಯ ಬಂದಾಗ ಹೊರಬೀಳುವ ಕಳ್ಳದಾರಿ. ಕಳ್ಳದಾರಿಯ ಬಾಯಿಗೆ ತೆಳ್ಳಗೆ ಮಣ್ಣು ಇರುವುದರಿಂದ ಹೊರಗಿನಿಂದ ಕಾಣುವುದಿಲ್ಲ. ಮುಂಬಾಗಿಲು ಅಗೆಯುವವರಿಗೆ ಹೆಗ್ಗಣ ತಪ್ಪಿಸಿಕೊಳ್ಳುವುದು ಅಲ್ಲಿಂದಲೇ.

ಗುಡ್ಡೆ ಅಷ್ಟಿಲ್ಲದೆ, ಒಣ ಮರಳುಮಿಶ್ರಿತ ನೆಲದಲ್ಲಿ ಎರಡು ಮೂರು ಬೆರಳಗಲದ ಹಲವು ಬಾಯಿಗಳು ಹತ್ತಿರ ಹತ್ತಿರ ತೆರೆದುಕೊಂಡಿದ್ದರೆ ಜರ್ಬಿಲ್ ಎಂಬ ಬಯಲಿಲಿ. ದೊಡ್ಡ ಕಣ್ಣು, ಬಾಲದ ತುದಿಗೆ ಕೂದಲಿನ ಕುಚ್ಚು. ಒಂದೇ ಬೆರಳು ತೂರುವ ತೂತು, ಬಾಯಲ್ಲಿ ಪುಡಿಮಣ್ಣಿನ ಪುಟ್ಟ ರಾಶಿ ಇದ್ದರೆ ಹೊಲದ ಚಿಟ್ಟಿಲಿ. ಬಾಯಿಯ ಸುತ್ತ ಸಣ್ಣ ಹರಳುಕಲ್ಲುಗಳನ್ನು ಆರಿಸಿ ತಂದಿಟ್ಟಂತೆ ಕಂಡರೆ ಮುಳ್ಳುಗೂದಲಿನ ಇನ್ನೊಂದು ಚಿಟ್ಟಿಲಿ.

ಕಪ್ಪು ಎರೆಭೂಮಿಯಾದರೆ ಇನ್ನೊಬ್ಬನಿದ್ದಾನೆ, ಅವನನ್ನು ಬಿಲದಿಂದ ಗುರುತಿಸುವುದು ಕಷ್ಟ. ಮೃದುಗೂದಲಿನ ಆ ಹೊಲದಿಲಿ ಬೇಸಿಗೆಯಲ್ಲಿ ಬಿಟ್ಟ ಬಿರುಕುಗಳಲ್ಲಿ, ಕಲ್ಲುಗುಪ್ಪೆಯಡಿ, ಹೆಗ್ಗಣ ಬಿಟ್ಟುಹೋದ ಬಿಲದಲ್ಲಿ ಸಂಸಾರ ಹೂಡುತ್ತದೆ, ತಾನಾಗಿ ತೋಡುವುದು ಅಷ್ಟಕ್ಕಷ್ಟೆ. ಧಾರವಾಡ ಸೀಮೆಯ ಪ್ರಾಣಿಗಳ ಪಟ್ಟಿಯನ್ನು 1839ರಲ್ಲಿ ಪ್ರಕಟಿಸಿದ ಬ್ರಿಟಿಷ್ ಅಧಿಕಾರಿ ವಾಲ್ಟರ್ ಎಲಿಯಟ್ ಇದನ್ನು ‘ಮೆಟ್ಟಾಡೆ’ ಎಂಬ ಸ್ಥಳೀಯ ಹೆಸರಿನಿಂದಲೇ ದಾಖಲಿಸಿದ. ಅದರ ವೈಜ್ಞಾನಿಕ ಹೆಸರಿನ ಉತ್ತರಾರ್ಧದಲ್ಲಿ, ಮಿಲ್ಲಾರ್ಡಿಯಾ ಮೆಲ್ಟಾಡಾ ಎಂಬುದರಲ್ಲಿ, ಆ ಪದ ಇಂದಿಗೂ ಇದೆ. ಮುಂಗಾರು ಶುರುವಾಗಿ ಬಿರುಕುಗಳು ಮುಚ್ಚಿಕೊಂಡಾಗ ಇವು ರಾಶಿರಾಶಿಯಾಗಿ ಸಾಯುತ್ತವೆ. 1826ರಲ್ಲಿ ಮೊದಲ ಮಳೆ ಕೈಕೊಟ್ಟಿತು, ಬಿರುಕು ಮುಚ್ಚಲಿಲ್ಲ, ಇಲಿ ಮಿತಿಮೀರಿತು ಎಂದು ಎಲಿಯಟ್ ಬರೆಯುತ್ತಾನೆ. ಬಿತ್ತಿದ ಬೀಜ ತಿಂದವು, ಆಮೇಲೆ ಜೋಳದ ದಂಟು ಹತ್ತಿ ತೆನೆ ಕತ್ತರಿಸಿದವು. ಇಷ್ಟು ಇಲಿಗೆ ಇಷ್ಟು ಕಾಳು ಎಂದು ಕೂಲಿ ಕೊಟ್ಟು ಸಾವಿರಗಟ್ಟಲೆ ಕೊಲ್ಲಿಸಿದರೂ ಕಡಿಮೆಯಾದಂತೆ ಕಾಣಲಿಲ್ಲವಂತೆ. ನಿಮ್ಮದು ಎರೆಹೊಲವಾದರೆ ಬಿಲ ಎಣಿಸುವ ಜೊತೆಗೆ ಬಿರುಕುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬೇಸಿಗೆಯಲ್ಲಿ ಆಳವಾಗಿ ಉಳುಮೆ ಮಾಡಿದರೆ ಇವುಗಳ ಮನೆ ಮುರಿದಂತೆ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಕಾಲುವೆಯ ಪಕ್ಕ, ಒದ್ದೆ ಮಣ್ಣಿನ ಉಂಡೆಗಳು ಬಾಯಿ ಸುತ್ತ ಬಿದ್ದಿದ್ದರೆ ಏಡಿ. ಅರ್ಧಚಂದ್ರದ ಆಕಾರದ ಸಣ್ಣ ಬಾಯಿ ಚೇಳಿನದು. ಅಡಿ ಚಪ್ಪಟೆ, ಮೇಲೆ ಕಮಾನು ಇರುವ ದೊಡ್ಡ ಬಾಯಿ ಉಡದ್ದು. ದುಂಡನೆಯ ತೂತಿನ ಅಂಚಿಗೆ ಬಲೆಯ ನೂಲು ಅಂಟಿದ್ದರೆ ಜೇಡ. ಗೇಣಿಗಿಂತ ಅಗಲದ ಬಾಯಿ, ಬಳಿಯಲ್ಲಿ ಉದುರಿದ ಮುಳ್ಳು, ಕಡಿದ ಎಲುಬಿನ ಚೂರು ಕಂಡರೆ ಮುಳ್ಳುಹಂದಿ. ದಂಡೆಯ ನೆಟ್ಟಗಿನ ಮಣ್ಣುಗೋಡೆಯಲ್ಲಿ ಸಾಲು ತೂತುಗಳಿದ್ದರೆ ಹಕ್ಕಿಗಳು, ಕಳ್ಳಿಪೀರ ಅಥವಾ ಮಿಂಚುಳ್ಳಿ. ಶ್ರೀರಂಗಪಟ್ಟಣದ ಬಳಿ ಕಾವೇರಿಯ ದಂಡೆಯಲ್ಲಿ ನೀಲಿಬಾಲದ ಕಳ್ಳಿಪೀರಗಳು ಹೀಗೆ ಕೇರಿ ಕಟ್ಟುತ್ತವೆ. ಹಾವಿನ ಬಿಲಕ್ಕೆ ಪ್ರತ್ಯೇಕ ಗುರುತಿಲ್ಲ, ಇಲಿಯ ಹಳೆಯ ಬಿಲವೇ ಹಾವಿನ ಬಿಲ. ಹೊಸ ಮಣ್ಣಿಲ್ಲದೆ, ಬಾಯಿಯ ಅಂಚು ಉಜ್ಜಿ ನುಣುಪಾಗಿದ್ದರೆ ಅನುಮಾನ ಪಡಿ. ಅನುಮಾನವಿರಲಿ ಇಲ್ಲದಿರಲಿ, ಯಾವ ಬಿಲಕ್ಕೂ ಕೈ ಹಾಕಬೇಡಿ.

ಯಾವುದರಲ್ಲಿ ಈಗ ಜೀವ ಇದೆ ಎಂದು ತಿಳಿಯಲು ಸುಲಭದ ಉಪಾಯವಿದೆ. ಸಂಜೆ ಹೊಲ ಸುತ್ತಿ ಎಲ್ಲ ಬಾಯಿಗಳನ್ನೂ ಹಸಿ ಮಣ್ಣಿನಿಂದ ಮುಚ್ಚಿ, ಪಕ್ಕಕ್ಕೊಂದು ಕಡ್ಡಿ ನೆಡಿ. ಬೆಳಿಗ್ಗೆ ತೆರೆದದ್ದು ಮಾತ್ರ ಜೀವಂತ ಬಿಲ. ಒಳಗಿನಿಂದ ಹೊರಕ್ಕೆ ಮಣ್ಣು ಬಿದ್ದಿದೆಯೋ, ಹೊರಗಿನಿಂದ ಏನೋ ಬಗೆದಿದೆಯೋ ನೋಡಿ. ಎರಡನೆಯದಾದರೆ ಮುಂಗುಸಿಯೋ ನಾಯಿಯೋ ಇರಬೇಕು.

ಹೆಗ್ಗಣದ ಕಾಟ ಹೆಚ್ಚಿದ್ದರೆ ಜೀವಂತ ಬಿಲಗಳಿಗೆ ಮಾತ್ರ ಜಿಂಕ್ ಫಾಸ್ಫೈಡ್ ಆಮಿಷ ಇಡುವುದು ರೂಢಿ. ಮೊದಲ ಎರಡು ದಿನ ವಿಷವಿಲ್ಲದೆ ಬರೀ ನುಚ್ಚಿಗೆ ಸ್ವಲ್ಪ ಅಡುಗೆ ಎಣ್ಣೆ ಸವರಿ ಇಟ್ಟು ರುಚಿ ಹತ್ತಿಸಬೇಕು. ಮೂರನೆಯ ದಿನ 960 ಗ್ರಾಂ ನುಚ್ಚು, 20 ಗ್ರಾಂ ಎಣ್ಣೆ, 20 ಗ್ರಾಂ ಜಿಂಕ್ ಫಾಸ್ಫೈಡ್ ಸೇರಿಸಿ, ಬಿಲಕ್ಕೆ 10 ಗ್ರಾಂನಂತೆ ಕಾಗದದ ಪೊಟ್ಟಣ ಕಟ್ಟಿ ಒಳಗೆ ಜಾರಿಸಬೇಕು. ರುಚಿ ಹತ್ತಿಸದೆ ನೇರ ವಿಷ ಇಟ್ಟರೆ ಅಷ್ಟಿಷ್ಟು ನೆಕ್ಕಿ ಹೊಟ್ಟೆನೋವು ಕಂಡ ಹೆಗ್ಗಣ ಆ ತಿನಿಸನ್ನೇ ಮುಟ್ಟುವುದಿಲ್ಲ, ಕೆಲಸ ಕೆಡುವುದು ಬಹುತೇಕ ಇಲ್ಲೇ. ಮಳೆ ಬೀಳುವ ದಿನ ಇಡಬೇಡಿ, ತೇವ ತಾಗಿದರೆ ಪುಡಿ ಕೆಡುತ್ತದೆ. ಕೈಗವಸು ಹಾಕಿ, ಕೋಲಿನಿಂದ ಕಲಸಿ. ಅಡುಗೆಯ ಪಾತ್ರೆ ಬೇಡ. ಈ ವಿಷಕ್ಕೆ ಮಾರುಮದ್ದಿಲ್ಲ. ಸತ್ತ ಇಲಿ, ಉಳಿದ ಆಮಿಷ ಎರಡನ್ನೂ ಆಳಕ್ಕೆ ಹೂಳಿ. ನೀವೊಬ್ಬರೇ ಇಟ್ಟರೆ ಪಕ್ಕದ ಹೊಲದವು ಖಾಲಿ ಬಿಲಕ್ಕೆ ಬಂದು ಸೇರುತ್ತವೆ, ಆದ್ದರಿಂದ ಅಕ್ಕಪಕ್ಕದವರು ಒಂದೇ ವಾರದಲ್ಲಿ ಮಾಡಬೇಕು. ಇವೆಲ್ಲಕ್ಕಿಂತ ಬದುವನ್ನು ಸಣ್ಣದು ಮಾಡುವುದು ಮೇಲು. ಅಗಲ ಒಂದು ಅಡಿ, ಎತ್ತರ ಒಂದೂವರೆ ಅಡಿ ಮೀರದ, ಹುಲ್ಲು ಸವರಿದ ಬದುವಿನಲ್ಲಿ ಕೋಣೆ ಕಣಜ ಮಾಡಲು ಹೆಗ್ಗಣಕ್ಕೆ ಜಾಗ ಸಾಲುವುದಿಲ್ಲ.

ಉಡ, ಚಿಪ್ಪುಹಂದಿಗಳ ಬಿಲಕ್ಕೆ ಕೈ ಹಚ್ಚುವಂತಿಲ್ಲ, ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಚಿಪ್ಪುಹಂದಿಯೂ ಒಳಗಿರುವಾಗ ಬಾಯಿಗೆ ಮಣ್ಣು ಮುಚ್ಚಿಕೊಳ್ಳುತ್ತದೆ. ಹಾಗಾಗಿ ಮುಚ್ಚಿದ ದೊಡ್ಡ ಬಾಯಿ, ಹತ್ತಿರದಲ್ಲಿ ಒಡೆದ ಗೆದ್ದಲುಹುತ್ತ ಕಂಡರೆ ಅದನ್ನು ಹೆಗ್ಗಣ ಎಂದು ತಿಳಿದು ಆಮಿಷ ಇಡಬೇಡಿ.

ಏಡಿಯ ಬಿಲಕ್ಕೆ ವಿಷ ಬೇಕಿಲ್ಲ. ಬದುವಿನಿಂದ ನೀರು ಸೋರುತ್ತಿದ್ದರೆ ಬಾಯಿಗೆ ಮಣ್ಣು ತುರುಕಿ ಪ್ರಯೋಜನವಿಲ್ಲ, ಒಳದಾರಿ ಬದುವಿನ ಆಚೆ ಬದಿಗೆ ಹೊರಟಿರುತ್ತದೆ. ದಾರಿಯ ಕೊನೆಯವರೆಗೆ ಅಗೆದು, ಜಿಗುಟು ಮಣ್ಣನ್ನು ಪದರ ಪದರವಾಗಿ ಹಾಕಿ, ಪ್ರತಿ ಪದರವನ್ನೂ ಕಾಲಿನಿಂದ ತುಳಿದು ಗಟ್ಟಿ ಮಾಡಿ.